ಮೂಲ ಬಣ್ಣ ಯಾವುದು?

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಮನೆಯಲ್ಲೊಂದು ಸಣ್ಣ ಜಗಳ ನಡೆಯಿತು. ಜಗಳಕ್ಕೆ ಕಾರಣ ನಮ್ಮ ತಂದೆಯವರ ಯೆಜ್ಡಿ ಮೋಟಾರು ಸೈಕಲ್ಲು. ಅವರು 1986ರಲ್ಲಿ ಪುಣೆಗೆ ವರ್ಗವಾಗಿ ಬಂದ ಮೇಲೆ ಇಲ್ಲಿಯೇ ಒಬ್ಬರಿಂದ ಕೊಂಡ ಗಾಡಿ ಅದು. ಆಗಲೇ ಹತ್ತು ವರ್ಷ ಹಳೆಯದಾಗಿತ್ತು. ಆದರೂ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು ಎಂಬ ಒಂದೇ ಕಾರಣಕ್ಕೆ ಬೇರೆ ಗಾಡಿಯನ್ನು ನೋಡದೆ ಕೊಂಡುಬಿಟ್ಟರಂತೆ. ಅವರು ತೀರಿಕೊಂಡ ಮೇಲೆ ಅದು ಮೆಟ್ಟಿಲಿನ ಕೆಳಗೆ ಗೋಣಿ ಹೊದ್ದು ನಿಂತಿತ್ತು. ನನ್ನ ತಮ್ಮ ಅದನ್ನು ಬಿಚ್ಚಿ ಸರಿಪಡಿಸುತ್ತೇನೆಂದು ಹೊರಟ. ಪೆಟ್ರೋಲ್ ಟ್ಯಾಂಕಿನ ಕಪ್ಪು ಬಣ್ಣವನ್ನು ವಾಟರ್ ಪೇಪರಿನಿಂದ ಉಜ್ಜಿದಾಗ ಒಳಗಿನಿಂದ ಮರೂನ್ ಬಣ್ಣ ಇಣುಕಿತು.

“ನೋಡೋ ಅಣ್ಣಾ, ಮೈಸೂರಿನಿಂದ ಹೊರಟಾಗ ಇದ್ದ ಬಣ್ಣ ಇದು. ಇದನ್ನೇ ಹೊಡೆಸೋಣ” ಎಂದು ತಮ್ಮ ಕುಣಿದಾಡಿದ. ಅಮ್ಮ ಅಡುಗೆಮನೆಯಿಂದ ಬಂದು ಒಂದು ನಿಮಿಷ ನೋಡಿ, “ನಿಮ್ಮಪ್ಪನ ಗಾಡಿ ಕಪ್ಪು ಕಣ್ರೋ. ಈ ಕೆಂಪು ಗಾಡಿ ಯಾರದೋ ಏನೋ” ಎಂದು ಹೇಳಿ ಒಳಗೆ ಹೋದರು.

ನಾನು ಗುಮಾಸ್ತ. ಎರಡೂ ಕಡೆಯ ಟಿಪ್ಪಣಿಗಳನ್ನು ಕಡತದಲ್ಲಿ ಸೇರಿಸಿ ಮೇಲಿನವರಿಗೆ ಮಂಡಿಸುವುದು ನನ್ನ ಕೆಲಸವೇ ಹೊರತು ತೀರ್ಪು ಕೊಡುವುದಲ್ಲ. ಆದರೆ ಈ ವಾದ ನಮ್ಮ ಮನೆಯಲ್ಲಿ ಮಾತ್ರ ಹುಟ್ಟುವಂಥದಲ್ಲ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಒಂದು ಹಳೆಯ ಕ್ರೀಡಾ ಕಾರಿಗೆ ಅದರ ಮೂಲ ಬಣ್ಣವನ್ನು ಮರಳಿ ಬಳಿದು, ಬಿಡಿ ಬಿಡಿಯಾಗಿದ್ದ ಭಾಗಗಳನ್ನು ಕೂಡಿಸಿ ನಿಲ್ಲಿಸುವಾಗಲೂ ಇಂಥದೇ ಪ್ರಶ್ನೆ ಎದುರಾಗುತ್ತದೆ. ಆ ಕಾರಿನ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಷ್ಟದಲ್ಲಿ ಹುಟ್ಟಿದ ಚೆಲುವೆ

ಎರಡನೆಯ ಮಹಾಯುದ್ಧದ ನಂತರ ಬಿ.ಎಂ.ಡಬ್ಲ್ಯು. ಕಂಪನಿಯ ಸ್ಥಿತಿ ಇಂದು ನಾವು ಕಾಣುವಂತಿರಲಿಲ್ಲ. ಒಂದು ಕಡೆ ದೊಡ್ಡ ಶ್ರೀಮಂತರ ಕಾರು, ಇನ್ನೊಂದು ಕಡೆ ಮೊಟ್ಟೆಯಾಕಾರದ ‘ಇಸೆಟ್ಟಾ’ ಎಂಬ ಪುಟ್ಟ ವಾಹನ. ನಡುವೆ ಸಾಮಾನ್ಯ ಸಂಸಾರಸ್ಥ ಕೊಳ್ಳಬಹುದಾದ ಕಾರು ಒಂದೂ ಇಲ್ಲ. ಈ ಸಮಯದಲ್ಲಿ ನ್ಯೂಯಾರ್ಕಿನಲ್ಲಿ ಯುರೋಪಿನ ಕಾರುಗಳನ್ನು ತರಿಸಿ ಮಾರುತ್ತಿದ್ದ ಮ್ಯಾಕ್ಸ್ ಹಾಫ್‌ಮನ್ ಎಂಬ ವ್ಯಾಪಾರಿ, ಅಮೆರಿಕದ ಹಣವಂತರಿಗೆ ಹಿಡಿಸುವಂಥ ಒಂದು ಕ್ರೀಡಾ ಕಾರನ್ನು ತಯಾರಿಸಿದರೆ ಸಾವಿರಾರು ಮಾರಬಹುದೆಂಬ ಆಸೆ ಹುಟ್ಟಿಸಿದ. ಅದರ ರೂಪವನ್ನು ಬರೆದವನು ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಜರ್ಮನ್ ವಿನ್ಯಾಸಕಾರ ಆಲ್ಬ್ರೆಕ್ಟ್ ಗರ್ಟ್ಸ್. 1955ರಲ್ಲಿ ಜನರ ಮುಂದೆ ಬಂದ ಆ ಕಾರಿಗೆ 507 ಎಂದು ಹೆಸರು.

ಉದ್ದನೆಯ ಬಾನೆಟ್, ತಗ್ಗಾದ ಆಸನ, ಅಲ್ಯೂಮಿನಿಯಂ ತಗಡಿನ ಮೈ, 3.2 ಲೀಟರಿನ ಎಂಟು ಸಿಲಿಂಡರಿನ ಅಲ್ಯೂಮಿನಿಯಂ ಇಂಜಿನು, 150 ಅಶ್ವಶಕ್ತಿ. ನೋಡಿದವರೆಲ್ಲ ಮೆಚ್ಚಿದರು. ಆದರೆ ಮೆಚ್ಚುಗೆಯೇ ಬೇರೆ, ಖರೀದಿಯೇ ಬೇರೆ. ಮೈಯ ತಗಡನ್ನು ಕೈಯಿಂದ ಬಡಿದು ರೂಪಿಸುತ್ತಿದ್ದುದರಿಂದ ಒಂದು ಕಾರು ಇನ್ನೊಂದರಂತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುತ್ತಿರಲಿಲ್ಲ. ಒಂದರ ಗಟ್ಟಿ ಮೇಲ್ಛಾವಣಿ ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಸುಮಾರು 5,000 ಡಾಲರಿಗೆ ಮಾರಬೇಕೆಂದುಕೊಂಡಿದ್ದ ಕಾರಿನ ಬೆಲೆ ಅದರ ಎರಡರಷ್ಟರ ಸಮೀಪಕ್ಕೆ ಏರಿತು. ಸಾವಿರಾರು ಮಾರುವುದಿರಲಿ, ಕೊನೆಗೆ ತಯಾರಾದದ್ದು 250ಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. 1959ರ ಹೊತ್ತಿಗೆ ಕಂಪನಿಯೇ ಮುಳುಗುವ ಸ್ಥಿತಿಗೆ ಬಂತು. ಆ ವರ್ಷದ ಡಿಸೆಂಬರ್ 9ರಂದು ನಡೆದ ಷೇರುದಾರರ ಸಭೆಯಲ್ಲಿ ಅದು ಡೈಮ್ಲರ್-ಬೆಂಜ್ ಕಂಪನಿಯ ಪಾಲಾಗುವುದು ಸ್ವಲ್ಪದರಲ್ಲಿ ತಪ್ಪಿತು. ಹರ್ಬರ್ಟ್ ಕ್ವಾಂಟ್ ಎಂಬ ಉದ್ಯಮಿ ಬಂಡವಾಳ ಹೂಡಿದ್ದರಿಂದ ಅದು ಉಳಿದುಕೊಂಡಿತು. ಅಂದು ಕಂಪನಿಯ ಗಂಟನ್ನು ಕರಗಿಸಿದ ಕಾರುಗಳಲ್ಲಿ ಒಂದಾದ 507, ಇಂದು ಜಗತ್ತಿನ ಅತಿ ಬೆಲೆಬಾಳುವ ಹಳೆಯ ಕಾರುಗಳ ಸಾಲಿನಲ್ಲಿದೆ. ಚರಿತ್ರೆಯ ಲೆಕ್ಕಪತ್ರ ಆಫೀಸಿನ ಲೆಕ್ಕಪತ್ರದಂತಲ್ಲ.

ಬಿಳಿಯಿಂದ ಕೆಂಪಿಗೆ

ಈ ಕಾರುಗಳಲ್ಲಿ ಒಂದು, ಷಾಸಿ ನಂಬರು 70079. 1957ರ ಸೆಪ್ಟೆಂಬರಿನಲ್ಲಿ ತಯಾರಾದದ್ದು. ಬಣ್ಣ ಬಿಳಿ. ಬಿಳಿಯೆಂದರೆ ಸುಣ್ಣದ ಬಿಳಿಯಲ್ಲ. ಹಕ್ಕಿಯ ಗರಿಯಂಥ ಮೃದುವಾದ ಬಿಳಿ. ಕಾರ್ಖಾನೆಯ ಪಟ್ಟಿಯಲ್ಲಿ ಆ ಬಣ್ಣದ ಹೆಸರಿಗೂ ‘ಗರಿಬಿಳುಪು’ ಎಂದೇ ಅರ್ಥ. ಮೊದಲಿಗೆ ಇದನ್ನು ಓಡಿಸಿದವನು ಹಾನ್ಸ್ ಸ್ಟುಕ್. ಬೆಟ್ಟ ಹತ್ತುವ ಕಾರಿನ ಪಂದ್ಯಗಳಲ್ಲಿ ಸರಿಸಾಟಿಯಿಲ್ಲದವನೆಂದು ‘ಬೆಟ್ಟಗಳ ರಾಜ’ ಎಂಬ ಬಿರುದು ಪಡೆದಿದ್ದ ಚಾಲಕ. ಐವತ್ತೇಳರ ವಯಸ್ಸಿನಲ್ಲಿಯೂ ಆತ ಈ ಬಿಳಿಯ ಕಾರಿನಲ್ಲಿ ಪಂದ್ಯಗಳನ್ನು ಗೆದ್ದ.

1958ರ ಅಕ್ಟೋಬರ್ 1ರಂದು ಅಮೆರಿಕದ ಸೈನಿಕರ ಹಡಗೊಂದು ಜರ್ಮನಿಯ ಬ್ರೆಮರ್‌ಹಾಫನ್ ಬಂದರಿಗೆ ಬಂತು. ಅದರಿಂದ ಇಳಿದವರಲ್ಲಿ ಎಲ್ವಿಸ್ ಪ್ರೆಸ್ಲಿಯೂ ಒಬ್ಬ. ಇಪ್ಪತ್ಮೂರು ವರ್ಷದ ಆ ಗಾಯಕನ ಹೆಸರು ಆಗ ಲೋಕಕ್ಕೆಲ್ಲ ಗೊತ್ತು. ಆದರೆ ಕಡ್ಡಾಯ ಸೈನ್ಯ ಸೇವೆಯ ಕಾಯಿದೆ ಯಾರನ್ನೂ ಬಿಡುವಂತಿರಲಿಲ್ಲ. ಹೊರಡುವ ಮುಂಚೆ ಆಗಸ್ಟ್ ತಿಂಗಳಲ್ಲಿ ತಾಯಿಯನ್ನು ಕಳೆದುಕೊಂಡಿದ್ದ. ಫ್ರೀಡ್‌ಬರ್ಗ್ ಎಂಬ ಊರಿನ ಸೈನಿಕ ಠಾಣ್ಯದಲ್ಲಿ ಅವನ ಕೆಲಸ. ಪಕ್ಕದ ಬಾಡ್ ನೌಹೈಮಿನಲ್ಲಿ ವಾಸ. ಅದೇ ಡಿಸೆಂಬರಿನಲ್ಲಿ ಆತ ಸ್ಟುಕ್ ಓಡಿಸಿದ್ದ ಈ ಬಿಳಿಯ 507ನ್ನು ಪಡೆದುಕೊಂಡ. ಮನೆಯಿಂದ ಠಾಣ್ಯಕ್ಕೆ, ಠಾಣ್ಯದಿಂದ ಮನೆಗೆ ಅದರಲ್ಲೇ ಓಡಾಟ.

ಕಾರು ಎಲ್ಲಿ ನಿಂತರೂ ಅಭಿಮಾನಿ ಹುಡುಗಿಯರು ಸುತ್ತುವರಿಯುತ್ತಿದ್ದರು. ಬಿಳಿಯ ಮೈಯ ಮೇಲೆ ಲಿಪ್‌ಸ್ಟಿಕ್ಕಿನಿಂದ ಒಲವಿನ ಮಾತು, ಟೆಲಿಫೋನ್ ನಂಬರು ಬರೆದು ಹೋಗುತ್ತಿದ್ದರಂತೆ. ಎಷ್ಟು ಒರೆಸಿದರೂ ಮರುದಿನ ಮತ್ತೆ ಅದೇ ಕಥೆ. ಕೊನೆಗೆ ಬೇಸತ್ತು ಕಾರಿಗೆ ಕೆಂಪು ಬಣ್ಣ ಹೊಡೆಸಿದ. ಕೆಂಪಿನ ಮೇಲೆ ಕೆಂಪು ಕಾಣುವುದಿಲ್ಲವಲ್ಲ! ಇದು ಗಾಳಿಮಾತಲ್ಲ, ಬಿ.ಎಂ.ಡಬ್ಲ್ಯು. ಕಂಪನಿಯೇ ಹೇಳಿಕೊಂಡು ಬಂದಿರುವ ಸಂಗತಿ. ಹೀಗೆ ಕಾರ್ಖಾನೆ ಕೊಟ್ಟ ಬಣ್ಣದ ಮೇಲೆ ಲೋಕದ ಪ್ರೀತಿ ಮತ್ತು ಉಪದ್ರವ ಎರಡೂ ಸೇರಿ ಇನ್ನೊಂದು ಬಣ್ಣ ಬಂದು ಕೂತಿತು.

1960ರ ಮಾರ್ಚಿಯಲ್ಲಿ ಎಲ್ವಿಸ್ ಸ್ವದೇಶಕ್ಕೆ ಮರಳಿದ. ಕಾರೂ ಸಮುದ್ರ ದಾಟಿ ಅಮೆರಿಕಕ್ಕೆ ಹೋಯಿತು, ಆದರೆ ಬೇರೆಯವರ ಕೈಗೆ. ಅಲಬಾಮಾ ರಾಜ್ಯದ ರೇಡಿಯೋ ನಿರೂಪಕ ಟಾಮಿ ಚಾರ್ಲ್ಸ್ ಅದನ್ನು ಕೊಂಡು ಪಂದ್ಯದ ಕಾರನ್ನಾಗಿ ಮಾಡಿಕೊಂಡ. ಜರ್ಮನ್ ಇಂಜಿನನ್ನು ತೆಗೆಸಿ ಷೆವ್ರೊಲೆ ಇಂಜಿನನ್ನು ಕೂರಿಸಿದ. ಅದಕ್ಕಾಗಿ ಚೌಕಟ್ಟಿನ ಮುಂಭಾಗವನ್ನು ಕತ್ತರಿಸಬೇಕಾಯಿತು. ಗೇರ್ ಬಾಕ್ಸು, ಹಿಂದಿನ ಆಕ್ಸಲ್ಲು ಬದಲಾದವು. ಇಂದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಆದರೆ ಅವನಿಗೆ ಅದು ಒಂದು ಹಳೆಯ ವಿದೇಶಿ ಕಾರು ಅಷ್ಟೆ. ಬಿಡಿಭಾಗ ಸಿಗದ ಕಾರನ್ನು ಓಡುವಂತೆ ಮಾಡಿದ್ದು ಅವನ ದೃಷ್ಟಿಯಲ್ಲಿ ಜಾಣತನವೇ ಸರಿ.

ನಂಬರು ಹೇಳಿದ ಸಾಕ್ಷಿ

1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದ ಜ್ಯಾಕ್ ಕ್ಯಾಸ್ಟರ್ ಎಂಬ ಬಾಹ್ಯಾಕಾಶ ಇಂಜಿನಿಯರ್ ಈ ಕಾರನ್ನು ಕೊಂಡ. ಸ್ವಲ್ಪ ಕಾಲ ಓಡಿಸಿ, ಮುಂದೊಂದು ದಿನ ತಾನೇ ಸರಿಪಡಿಸಬೇಕೆಂಬ ಆಸೆಯಿಂದ ತೆಗೆದಿಟ್ಟ. ಆ ‘ಮುಂದೊಂದು ದಿನ’ ಎಂಬುದು ನಮ್ಮೆಲ್ಲರ ಮನೆಗಳಲ್ಲಿ ಹೇಗೆ ಮುಂದೆ ಮುಂದೆ ಹೋಗುತ್ತದೆಯೋ ಹಾಗೆಯೇ ಅಲ್ಲಿಯೂ ಹೋಯಿತು. ದಶಕಗಳು ಉರುಳಿದವು. ಕುಂಬಳಕಾಯಿ ದಾಸ್ತಾನು ಮಾಡುವ ಉಗ್ರಾಣವೊಂದರಲ್ಲಿ ಕಾರು ಧೂಳು ತಿನ್ನುತ್ತ ನಿಂತಿತ್ತು. ಅತ್ತ ಎಲ್ವಿಸ್ ಪ್ರೆಸ್ಲಿಯ ಬಿ.ಎಂ.ಡಬ್ಲ್ಯು. ಏನಾಯಿತೆಂದು ಲೋಕ ಹುಡುಕುತ್ತಲೇ ಇತ್ತು.

ಅಮೆರಿಕದ ಪತ್ರಕರ್ತೆ ಜ್ಯಾಕಿ ಜೂರೆ ಆ ಕಾಣೆಯಾದ ಕಾರಿನ ಬಗ್ಗೆ ಬರೆದ ಲೇಖನ ಕ್ಯಾಸ್ಟರನ ಕಣ್ಣಿಗೆ ಬಿತ್ತು. ತನ್ನ ಬಳಿಯಿರುವ ಕಾರಿನ ಪೂರ್ವಕಥೆಯ ಬಗ್ಗೆ ಆತನಿಗೂ ಕುತೂಹಲವಿತ್ತು. ಆಕೆಯನ್ನು ಕರೆದು ತೋರಿಸಿದ. ಆಗ ಸಾಕ್ಷಿ ಹೇಳಿದ್ದು ಬಣ್ಣವಲ್ಲ, ಇಂಜಿನಲ್ಲ. ಅವೆರಡೂ ಎಂದೋ ಬದಲಾಗಿದ್ದವು. ಸಾಕ್ಷಿ ಹೇಳಿದ್ದು ಷಾಸಿ ನಂಬರು. ಮ್ಯೂನಿಕ್ಕಿನ ಕಡತದಲ್ಲಿದ್ದ 70079, ಕ್ಯಾಲಿಫೋರ್ನಿಯಾದ ಕಾರಿನ ಮೇಲಿದ್ದ 70079. ಎರಡೂ ಒಂದೇ!

ನಮ್ಮಂಥ ಗುಮಾಸ್ತರಿಗೆ ಇಲ್ಲಿ ಸ್ವಲ್ಪ ಹೆಮ್ಮೆಪಡಲು ಅವಕಾಶವಿದೆ. 1957ರಲ್ಲಿ ಯಾವನೋ ಹೆಸರಿಲ್ಲದ ಗುಮಾಸ್ತ, ತನ್ನ ದಿನದ ಕೆಲಸವೆಂದು, ಈ ನಂಬರಿನ ಕಾರು ಈ ಬಣ್ಣದಲ್ಲಿ ಹೊರಟಿತು ಎಂದು ಒಂದು ಸಾಲು ಬರೆದಿಟ್ಟ. ಆ ಕಾರನ್ನು ಮುಂದೆ ಯಾರು ಓಡಿಸುತ್ತಾರೆಂಬುದು ಅವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಅವನ ಆ ಒಂದು ಸಾಲು ಇಲ್ಲದಿದ್ದರೆ ಉಗ್ರಾಣದ ಕಾರು ಕೇವಲ ಹಳೆಯ ತಗಡಾಗಿ ಉಳಿಯುತ್ತಿತ್ತು.

2014ರಲ್ಲಿ ಕಾರು ಮ್ಯೂನಿಕ್ಕಿಗೆ ಮರಳಿತು. ಕಂಪನಿಯವರು ಒಂದು ಒಳ್ಳೆಯ ಕೆಲಸ ಮಾಡಿದರು. ಕೂಡಲೆ ಬಿಚ್ಚದೆ, ಮಾಸಿ ಮುರಿದ ಸ್ಥಿತಿಯಲ್ಲಿಯೇ ಅದನ್ನು ತಮ್ಮ ವಸ್ತುಸಂಗ್ರಹಾಲಯದಲ್ಲಿ ಜನರ ನೋಟಕ್ಕಿಟ್ಟರು. ಆ ಮೇಲೆ ಕೆಲಸ ಆರಂಭ. ಅದೇ ವರ್ಷದ ನವೆಂಬರಿನಲ್ಲಿ ಜ್ಯಾಕ್ ಕ್ಯಾಸ್ಟರ್ ತೀರಿಕೊಂಡ. ನಲವತ್ತಾರು ವರ್ಷ ಕಾರನ್ನು ಕಾಪಾಡಿದವನಿಗೆ ಅದು ಮತ್ತೆ ಓಡುವುದನ್ನು ನೋಡುವ ಭಾಗ್ಯವಿರಲಿಲ್ಲ.

ಬಣ್ಣ ತೆಗೆಯುವ ವಿದ್ಯೆ

ಹಳೆಯ ಕಾರಿಗೆ ಬಣ್ಣ ಹೊಡೆಯುವುದರಲ್ಲಿ ಮುಕ್ಕಾಲು ಕೆಲಸ ಬಣ್ಣ ತೆಗೆಯುವುದೇ. ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಮಾಡಿಸಿದವರಿಗೆ ಇದು ಗೊತ್ತು. ಮೇಲಿನ ಬಣ್ಣ, ಅದರ ಕೆಳಗೆ ಪ್ರೈಮರು, ಅಲ್ಲಲ್ಲಿ ತಗ್ಗು ಮುಚ್ಚಿದ ಪಟ್ಟಿ, ಅದರ ಕೆಳಗೆ ಮತ್ತೊಂದು ಬಣ್ಣ. ಒಂದೆಡೆ ಸಣ್ಣ ವೃತ್ತಾಕಾರವಾಗಿ, ಅಂಚು ಇಳಿಜಾರಾಗುವಂತೆ ಉಜ್ಜಿದರೆ ಈ ಪದರಗಳೆಲ್ಲ ಮರದ ಕಾಂಡವನ್ನು ಅಡ್ಡ ಕೊಯ್ದಾಗ ಕಾಣುವ ಉಂಗುರಗಳಂತೆ ಒಂದರ ಸುತ್ತ ಒಂದು ಕಾಣುತ್ತವೆ. ಕಾರಿನ ಆಯುಷ್ಯವನ್ನು ಅಲ್ಲಿ ಓದಬಹುದು.

ಈ 507ರಲ್ಲಿ ಮೈ ಅಲ್ಯೂಮಿನಿಯಂ, ತಳದ ಚೌಕಟ್ಟು ಉಕ್ಕು. ಬಿ.ಎಸ್‌ಸಿ. ಓದಿದವನ ನೆನಪಿನಿಂದ ಒಂದು ಮಾತು ಹೇಳುತ್ತೇನೆ. ಉಕ್ಕಿನ ಮೇಲಿನ ಹಳೆಯ ಬಣ್ಣವನ್ನು ಕಾಸ್ಟಿಕ್ ಸೋಡಾದಂಥ ಕ್ಷಾರದಿಂದ ತೆಗೆಯಬಹುದು. ಆದರೆ ಅಲ್ಯೂಮಿನಿಯಮ್ಮನ್ನು ಕ್ಷಾರ ತಿಂದುಹಾಕುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ವಾಷಿಂಗ್ ಸೋಡಾ ಹಾಕಿ ಕುದಿಸಿ ಪಾತ್ರೆ ಕಪ್ಪಾದ ಅನುಭವ ನಮ್ಮ ಗೃಹಿಣಿಯರಲ್ಲಿ ಅನೇಕರಿಗೆ ಆಗಿರಬಹುದು. ಅಷ್ಟೇ ಅಲ್ಲ, ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿ ನಡುವೆ ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯೇ ಆಗಿ ಒಂದು ಲೋಹ ಸವೆಯುತ್ತ ಹೋಗುತ್ತದೆ. ಆದ್ದರಿಂದ ಮ್ಯೂನಿಕ್ಕಿನವರು ಮೊದಲು ಅಲ್ಯೂಮಿನಿಯಂ ಮೈಯನ್ನು ತಳದಿಂದ ಬೇರ್ಪಡಿಸಿದರು. ಬಣ್ಣವನ್ನು ಕೆರೆಯದೆ ರಾಸಾಯನಿಕ ಸ್ನಾನದಿಂದ ಕಳಚಿದರು. ಕೆರೆದರೆ ಮೆತ್ತಗಿನ ತಗಡು ತೆಳುವಾಗುತ್ತದೆ. ಕೈಯಿಂದ ಬಡಿದವನ ಸುತ್ತಿಗೆಯ ಗುರುತೂ ಅಳಿಸಿಹೋಗುತ್ತದೆ. ತಳದ ಉಕ್ಕು ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ಹೊಸದನ್ನು ಬೆಸೆದು, ಒಳ್ಳೆಯದನ್ನು ಉಳಿಸಿಕೊಂಡರು. ಹರಿದ ಪಂಚೆಗೆ ತೇಪೆ ಹಾಕುವಾಗ ನಮ್ಮ ಅಜ್ಜಿಯರು ಪಾಲಿಸುತ್ತಿದ್ದ ನ್ಯಾಯವೂ ಇದೇ.

ಇನ್ನು ಬಿಳಿಯ ಬಣ್ಣ. ಬಿಳಿ ಎಂದರೆ ಸುಲಭವೆಂದು ತಿಳಿಯಬಾರದು. ಬಣ್ಣದ ಪುಡಿಯನ್ನು ಹಿಡಿದಿಡುವ ಎಣ್ಣೆ, ರಾಳಗಳು ಕಾಲ ಕಳೆದಂತೆ ಹಳದಿಗೆ ತಿರುಗುತ್ತವೆ. ವಿಚಿತ್ರವೆಂದರೆ ಎಣ್ಣೆಬಣ್ಣಗಳು ಬಿಸಿಲಿಗಿಂತ ಕತ್ತಲಲ್ಲಿ ಹೆಚ್ಚು ಹಳದಿಯಾಗುವುದುಂಟು. ಆಯಿಲ್ ಪೇಂಟ್ ಬಳಿದ ಬಿಳಿಯ ಗೋಡೆಯಿಂದ ಹಳೆಯ ಬೀರುವನ್ನು ಸರಿಸಿ ನೋಡಿದರೆ ಇದು ತಿಳಿಯುತ್ತದೆ. ಕೆಂಪು ಬಣ್ಣಗಳದ್ದು ಇದಕ್ಕೆ ವಿರುದ್ಧ. ಅವುಗಳಲ್ಲಿ ಅನೇಕವು ಬಿಸಿಲಿಗೆ ಮಾಸುತ್ತವೆ. ಹೀಗಾಗಿ ಬಾಗಿಲ ಸಂದಿಯಲ್ಲೋ ಡ್ಯಾಷ್‌ಬೋರ್ಡಿನ ಹಿಂದೆಯೋ ಸಿಕ್ಕ ಚೂರನ್ನು ಕಣ್ಣಳತೆಯಲ್ಲಿ ಹೋಲಿಸಿ ಬಣ್ಣ ಕಲಸಿದರೆ, ಬರುವುದು ಕಾರು ಹುಟ್ಟಿದ ದಿನದ ಬಣ್ಣವಲ್ಲ, ಅದರ ಮುಪ್ಪಿನ ಬಣ್ಣ. ಕಾರ್ಖಾನೆಯ ದಾಖಲೆ, ಹಳೆಯ ಬಣ್ಣದ ಮಾದರಿಗಳು, ಕಾರಿನಲ್ಲೇ ಉಳಿದ ಚೂರುಗಳು ಇವೆಲ್ಲವನ್ನೂ ಒಟ್ಟಿಗೆ ಇಟ್ಟು ತೂಗಬೇಕು. ಇನ್ನೊಂದು ಸಂಗತಿ: ಇಂದಿನ ಕಾರುಗಳಿಗೆ ಬಣ್ಣದ ಮೇಲೆ ಗಾಜಿನಂಥ ಪಾರದರ್ಶಕ ಪದರವೊಂದನ್ನು ಹೊಡೆಯುತ್ತಾರೆ. 1950ರ ದಶಕದ ಬಿಳಿಗೆ ಆ ಕನ್ನಡಿಯ ಹೊಳಪು ಇರಲಿಲ್ಲ. ಹೊಳಪು ಹೆಚ್ಚಾದರೂ ತಪ್ಪು ತಪ್ಪೇ.

ಹಳೆಯ ಚಿತ್ರಗಳನ್ನು ನೋಡಿ ಬಣ್ಣ ತಿಳಿಯಬಹುದಲ್ಲ ಎಂದು ಕೇಳಬಹುದು. ಆ ಕಾಲದ ಬಹುಪಾಲು ಚಿತ್ರಗಳು ಕಪ್ಪು ಬಿಳುಪು. ಅದರಲ್ಲಿ ಕೆಂಪೂ ಬೂದು, ಹಸಿರೂ ಬೂದು. ಬಣ್ಣದ ವಿಷಯದಲ್ಲಿ ಕಥೆ ಕಟ್ಟುವುದು ಸುಲಭವಾದದ್ದು ಹೀಗೆಯೇ. 1934ರಲ್ಲಿ ಮರ್ಸಿಡಿಸ್ ಪಂದ್ಯದ ಕಾರು ನಿಯಮಕ್ಕಿಂತ ಒಂದು ಕಿಲೋ ಹೆಚ್ಚು ತೂಗಿದ್ದರಿಂದ ರಾತ್ರೋರಾತ್ರಿ ಅದರ ಬಿಳಿಯ ಬಣ್ಣವನ್ನು ಕೆರೆದು ಹಾಕಿದರು, ಅಂದಿನಿಂದ ಜರ್ಮನ್ ಕಾರುಗಳು ಬೆಳ್ಳಿಯ ಬಣ್ಣದವಾದವು ಎಂಬ ಕಥೆಯನ್ನು ಆ ತಂಡದ ಮುಖ್ಯಸ್ಥ ನಾಯ್‌ಬಾವರ್ ಬಹಳ ವರ್ಷಗಳ ಮೇಲೆ ಹೇಳಿದ. ಲೋಕವೆಲ್ಲ ನಂಬಿತು. ಆದರೆ 1932ರಲ್ಲಿಯೇ ಮರ್ಸಿಡಿಸ್ ಕಾರೊಂದು ಬಣ್ಣವಿಲ್ಲದ ಬೆಳ್ಳಿಯ ಮೈಯಲ್ಲಿ ಬರ್ಲಿನ್ನಿನ ಪಂದ್ಯ ಗೆದ್ದಿತ್ತು. ಆದ್ದರಿಂದ ಆ ಕಥೆಯನ್ನು ಇತಿಹಾಸಕಾರರು ಈಗ ಸುಲಭವಾಗಿ ಒಪ್ಪುವುದಿಲ್ಲ.

ಮರಳಿ ಕೂಡಿಸುವುದು

ಬಣ್ಣ ಬಳಿಯುವ ಮುಂಚೆಯೇ ಇಡೀ ಕಾರನ್ನು ಒಮ್ಮೆ ಕೂಡಿಸಿ ನೋಡುವುದು ಇಂಥ ಕೆಲಸದ ಕ್ರಮ. ಬಾಗಿಲು ಹೊಂದುತ್ತದೆಯೇ, ಬಾನೆಟ್ಟಿನ ಸಂದಿ ಎರಡೂ ಕಡೆ ಸಮನಾಗಿದೆಯೇ ಎಂದು ಪರೀಕ್ಷಿಸಿ, ಮತ್ತೆ ಎಲ್ಲವನ್ನೂ ಬಿಚ್ಚಿ, ಆ ಮೇಲೆ ಬಣ್ಣ. ಬಣ್ಣ ಒಣಗಿದ ಮೇಲೆ ಸಂದಿ ಸರಿಯಿಲ್ಲವೆಂದು ತಿಳಿದರೆ ಸುತ್ತಿಗೆ ಎತ್ತುವಂತಿಲ್ಲ. ಮದುವೆಯ ಮುಂಚೆ ಜಾತಕ ನೋಡುವಂತೆ ಎನ್ನಿ.

ಎಲ್ವಿಸನ ಕಾರಿನಲ್ಲಿ ಕೂಡಿಸಲು ಅರ್ಧ ಭಾಗಗಳೇ ಇರಲಿಲ್ಲ. ಮೂಲ ಇಂಜಿನು ಕಳೆದುಹೋಗಿತ್ತು. ಅದೇ ಬಗೆಯ ಇಂಜಿನನ್ನು ಹಳೆಯ ಬಿಡಿಭಾಗಗಳಿಂದ ಹೊಸದಾಗಿ ಕಟ್ಟಿದರು. ಕತ್ತರಿಸಿದ ಚೌಕಟ್ಟಿನ ಮುಂಭಾಗವನ್ನು ಮತ್ತೆ ಮಾಡಿದರು. ಆಸನದ ಚರ್ಮದ ಹೊದಿಕೆಯನ್ನು ಎಲ್ವಿಸ್ ಕಾರಿನಲ್ಲಿ ಕುಳಿತ ಹಳೆಯ ಚಿತ್ರಗಳನ್ನು ನೋಡಿ ಹೊಲಿದರು. ‘ಬೆಕರ್ ಮೆಕ್ಸಿಕೋ’ ಎಂಬ ಆ ಕಾಲದ ರೇಡಿಯೋವನ್ನೇ ಹುಡುಕಿ ತಂದು ಕೂರಿಸಿದರು. ಎಲ್ಲಿಯೂ ಸಿಗದ ಕಿಟಕಿಯ ಹಿಡಿಗಳು, ಬಾಗಿಲ ಒಳಗಿನ ಹಿಡಿಗಳು ಇವನ್ನು ಮಾಡಿದ್ದು ಮಾತ್ರ ಇಂದಿನ ವಿದ್ಯೆಯಿಂದ; ಕಂಪ್ಯೂಟರಿನಲ್ಲಿ ಆಕಾರ ಬರೆದು ಪದರ ಪದರವಾಗಿ ಮುದ್ರಿಸಿ ತೆಗೆಯುವ ವಿಧಾನ. ಎರಡು ವರ್ಷದ ದುಡಿಮೆಯ ಮೇಲೆ ಗರಿಬಿಳುಪಿನ ಕಾರು 2016ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನ ಪ್ರಸಿದ್ಧ ಪ್ರದರ್ಶನದಲ್ಲಿ ನಿಂತಿತು. ಕುಂಬಳಕಾಯಿಯ ಉಗ್ರಾಣದಿಂದ ಹೊರಟ ರಾಜ್ಯಕ್ಕೇ ಮದುವಣಗಿತ್ತಿಯಂತೆ ಮರಳಿ ಬಂದಿತ್ತು.

ಯಾವ ದಿನದ ಕಾರು?

ಈಗ ಮೂಲ ಪ್ರಶ್ನೆಗೆ ಬರೋಣ. ಬಿಳಿ ಸರಿಯೇ? ಕಾರ್ಖಾನೆಯ ದಾಖಲೆ ಬಿಳಿ ಎನ್ನುತ್ತದೆ. ಸ್ಟುಕ್ ಗೆದ್ದದ್ದು ಬಿಳಿಯಲ್ಲಿ. ಎಲ್ವಿಸನ ಕೈಗೆ ಬಂದ ದಿನವೂ ಬಿಳಿ. ಇಷ್ಟರ ಮಟ್ಟಿಗೆ ಬಿಳಿಯ ಪಕ್ಷ ಬಲವಾಗಿದೆ. ಆದರೆ ಆ ಕಾರನ್ನು ಉಳಿದ ಇನ್ನೂರೈವತ್ತು ಕಾರುಗಳಿಂದ ಬೇರೆ ಮಾಡಿದ ಕಥೆ ಯಾವುದು? ಲಿಪ್‌ಸ್ಟಿಕ್ಕಿನ ಕಥೆ, ಕೆಂಪು ಬಣ್ಣದ ಕಥೆ. ಎಲ್ವಿಸ್ ತಾನಾಗಿ ಆರಿಸಿದ ಬಣ್ಣ ಕೆಂಪು. ಬಿಳಿ ಅವನಿಗೆ ಬಂದದ್ದು, ಕೆಂಪು ಅವನು ಮಾಡಿಸಿದ್ದು. ಇದು ಕೆಂಪಿನ ಪಕ್ಷ.

ಹಳೆಯ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ವೆನಿಸ್ ನಗರದಲ್ಲಿ ತಜ್ಞರು ಒಂದು ಸನ್ನದನ್ನು ಒಪ್ಪಿದರು. ಸ್ಮಾರಕವೊಂದಕ್ಕೆ ಬೇರೆ ಬೇರೆ ಕಾಲದವರು ಸೇರಿಸಿದ ಬೆಲೆಯುಳ್ಳ ಭಾಗಗಳನ್ನೆಲ್ಲ ಗೌರವಿಸಬೇಕು, ಎಲ್ಲವನ್ನೂ ಒಂದೇ ಕಾಲಕ್ಕೆ ಒಯ್ಯುವುದು ಗುರಿಯಾಗಬಾರದು ಎಂಬುದು ಅದರ ತತ್ತ್ವಗಳಲ್ಲೊಂದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಮುಂದೆ ಟ್ಯೂರಿನ್ನಿನ ಹೆಸರಿನಲ್ಲಿ ಒಪ್ಪಿದ ಸನ್ನದಿಗೂ ಅದೇ ತಳಹದಿ. ಈ ತತ್ತ್ವವನ್ನು ಕೊನೆಯವರೆಗೂ ಹಿಡಿದವರೂ ಇದ್ದಾರೆ. 1925ರ ಬುಗಾಟಿ ಕಾರೊಂದು ಇಟಲಿ, ಸ್ವಿಟ್ಜರ್ಲೆಂಡಿನ ನಡುವಿನ ಮಜ್ಜೋರೆ ಸರೋವರದ ತಳದಲ್ಲಿ ಹಲವು ದಶಕ ಮುಳುಗಿತ್ತು. 2009ರಲ್ಲಿ ಮೇಲೆತ್ತಿದರು. 2010ರ ಹರಾಜಿನಲ್ಲಿ ಕೊಂಡ ಅಮೆರಿಕದ ಪೀಟರ್ ಮುಲಿನ್ ಅದಕ್ಕೆ ಒಂದು ತೊಟ್ಟು ಬಣ್ಣವನ್ನೂ ಹಚ್ಚದೆ, ತುಕ್ಕು ತಿಂದ ಸ್ಥಿತಿಯಲ್ಲೇ ತನ್ನ ಸಂಗ್ರಹಾಲಯದಲ್ಲಿ ಪ್ರದರ್ಶಿಸಿದ. ಆ ಕಾರಿಗೆ ನೀರೇ ಚರಿತ್ರೆ.

ಇನ್ನೊಂದು ತುದಿಯಲ್ಲಿ ಪೋರ್ಷೆ ಕಂಪನಿಯ ಕಾರಿದೆ. 1963ರಲ್ಲಿ ಅವರು 901 ಎಂಬ ಹೆಸರಿನಲ್ಲಿ ಹೊಸ ಕಾರನ್ನು ತೋರಿಸಿದರು. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನ್ನವೆಂದು ಫ್ರಾನ್ಸಿನ ಪೂಜೋ ಕಂಪನಿ ಆಕ್ಷೇಪಿಸಿದ್ದರಿಂದ 1964ರಲ್ಲಿ ಹೆಸರು 911 ಆಯಿತು. ಅಷ್ಟರಲ್ಲಿ ಹಳೆಯ ಹೆಸರಿನಲ್ಲಿ ತಯಾರಾಗಿದ್ದ 82 ಕಾರುಗಳಲ್ಲಿ 57ನೆಯದು 2014ರಲ್ಲಿ ಜರ್ಮನಿಯ ಒಂದು ಹಳೆಯ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು, ಮುಂದಿನ ಮಡ್‌ಗಾರ್ಡುಗಳೇ ಇಲ್ಲದೆ ಸಿಕ್ಕಿತು. ಪೋರ್ಷೆ ಸಂಗ್ರಹಾಲಯದವರು ಮೂರು ವರ್ಷ ದುಡಿದು ಅದರ ಮೊದಲಿನ ಕೆಂಪು ಬಣ್ಣವನ್ನೇ ಬಳಿದು 2017ರ ಡಿಸೆಂಬರಿನಲ್ಲಿ ಪ್ರದರ್ಶಿಸಿದರು. ಅಲ್ಲಿ ವಾದಕ್ಕೆ ಎಡೆಯಿರಲಿಲ್ಲ. ಆ ಕಾರಿನ ಬೆಲೆಯೆಲ್ಲ ಅದು ಹುಟ್ಟಿದ ದಿನದಲ್ಲಿ, ಹುಟ್ಟಿದ ದಿನದ ಹೆಸರಿನಲ್ಲಿ ಇತ್ತು.

ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ತೋರುವುದಿಷ್ಟು. ‘ಮೂಲ ಬಣ್ಣ’ ಎಂಬುದು ತಗಡನ್ನು ಕೆರೆದರೆ ತಾನಾಗಿ ಸಿಗುವ ವಸ್ತುವಲ್ಲ. ಕೆರೆದಾಗ ಸಿಗುವುದು ‘ಮೊದಲ ಬಣ್ಣ’. ಅದನ್ನೇ ಮೂಲವೆಂದು ಕರೆಯಬೇಕೇ ಎಂಬುದು ಮನುಷ್ಯರು ಮಾಡಬೇಕಾದ ತೀರ್ಮಾನ. ಕಾರು ಯಾವ ದಿನದ ಕಥೆ ಹೇಳಬೇಕೆಂದು ನಾವು ಆರಿಸುತ್ತೇವೆ. ಆ ದಿನದ ಬಣ್ಣ ಉಳಿಯುತ್ತದೆ, ಉಳಿದ ದಿನಗಳ ಬಣ್ಣ ಹೋಗುತ್ತದೆ. ಮ್ಯೂನಿಕ್ಕಿನವರು ಎಲ್ವಿಸ್ ಕಾರಿನ ಕೀಲಿಯನ್ನು ಕೈಗೆ ತೆಗೆದುಕೊಂಡ ದಿನವನ್ನು ಆರಿಸಿದರು. ಅದಕ್ಕಾಗಿ ಕೆಂಪನ್ನೂ ಅಲಬಾಮಾದ ಪಂದ್ಯಗಳನ್ನೂ ಬಿಟ್ಟುಕೊಟ್ಟರು. ಅದು ಅನ್ಯಾಯವೆಂದು ನಾನು ಹೇಳಲಾರೆ. ಏಕೆಂದರೆ ಬಿಚ್ಚುವ ಮುಂಚೆ ಕಾರನ್ನು ಇದ್ದ ಸ್ಥಿತಿಯಲ್ಲಿ ಎಲ್ಲರಿಗೂ ತೋರಿಸಿದರು. ಕೆಂಪಿನ ಕಥೆಯನ್ನು ಮುಚ್ಚಿಡದೆ ತಾವೇ ಹೇಳಿದರು. ಬಣ್ಣ ಹೋದರೂ ದಾಖಲೆ ಉಳಿಯಿತು. ಬಣ್ಣವೂ ಹೋಗಿ ದಾಖಲೆಯೂ ಇಲ್ಲದಿದ್ದರೆ ಮಾತ್ರ ಅದು ಎರಡನೆಯ ಸಾವು.

ನಮ್ಮ ಮನೆಯ ಕಡತ

ನಾನು ಈ ಕಥೆಯನ್ನೆಲ್ಲ ಊಟದ ಹೊತ್ತಿನಲ್ಲಿ ಮನೆಯವರಿಗೆ ಹೇಳಿದೆ. ತಮ್ಮ ತನ್ನ ಪಕ್ಷಕ್ಕೆ ಗೆಲುವಾಯಿತೆಂದು ಬೀಗಿದ. ಅಮ್ಮ ಸಾರು ಬಡಿಸುತ್ತ ಕೇಳಿದರು: “ಆ ಕಾರಿಟ್ಟುಕೊಂಡಿದ್ದವನ ಹೆಂಡತಿ ಮಕ್ಕಳು ಅದು ಯಾವ ಬಣ್ಣ ಇರಬೇಕೂಂತ ಹೇಳಿದ್ರು?” ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮತ್ತೆ ಹೇಳಿದರು: “ನಿಮ್ಮಪ್ಪ ಈ ಕಪ್ಪು ಗಾಡಿಯಲ್ಲೇ ನಿನ್ನನ್ನು ಸ್ಕೂಲಿಗೆ ಸೇರಿಸೋಕೆ ಕರೆದುಕೊಂಡು ಹೋಗಿದ್ದು. ಇದೇ ಗಾಡಿಯಲ್ಲೇ ನಾವು ಸ್ಟೇಷನ್ನಿಗೆ ಹೋಗಿ ಊರಿನ ರೈಲು ಹತ್ತುತ್ತಾ ಇದ್ದದ್ದು. ಅದು ಮೈಸೂರಲ್ಲಿ ಯಾವ ಬಣ್ಣ ಇತ್ತೋ ನಾನು ನೋಡಿಲ್ಲ.”

ಗಾಡಿಗೆ ಕಪ್ಪು ಬಣ್ಣವನ್ನೇ ಹೊಡೆಸಿದೆವು. ಟ್ಯಾಂಕಿನ ತಳದಲ್ಲಿ, ಸೀಟಿನ ಮರೆಯಲ್ಲಿ, ಅಂಗೈಯಗಲ ಜಾಗವನ್ನು ಮಾತ್ರ ಹಾಗೆಯೇ ಬಿಡಿಸಿದೆವು. ಅಲ್ಲಿ ತಮ್ಮ ಉಜ್ಜಿದ ಗುರುತಿದೆ, ಮರೂನಿದೆ, ಅದರ ಸುತ್ತ ತಂದೆಯವರ ಕಾಲದ ಕಪ್ಪಿದೆ. ಗಾಡಿಯ ನಂಬರು, ಕೊಂಡ ವರ್ಷ, ಬಣ್ಣದ ವಿವರ, ಬಿಚ್ಚುವ ಮುಂಚೆ ತೆಗೆದ ಚಿತ್ರಗಳು ಇವನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಟ್ಟಿದ್ದೇನೆ. ಮುಂದೆ ನನ್ನ ಮಕ್ಕಳಿಗೆ ಮರೂನೇ ಬೇಕೆನಿಸಿದರೆ ಅವರು ತಡಕಾಡಬೇಕಾಗಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಇಂಥ ಒಂದಲ್ಲ ಒಂದು ವಸ್ತು ಇದ್ದೇ ಇರುತ್ತದೆ. ಅಜ್ಜನ ಟ್ರಂಕು, ಹೊಲಿಗೆ ಯಂತ್ರ, ದೇವರ ಮಂಟಪ. ಹಬ್ಬ ಬಂದಾಗ ಅದಕ್ಕೊಂದು ಕೈ ಬಣ್ಣ ಬಳಿದು ಹೊಸದು ಮಾಡಿಬಿಡುತ್ತೇವೆ. ಬಳಿಯಬಾರದೆಂದು ನಾನು ಹೇಳುವುದಿಲ್ಲ. ವಸ್ತು ಬಾಳಬೇಕಾದರೆ ಬಣ್ಣ ಬೇಕು. ಆದರೆ ಬಳಿಯುವ ಮುಂಚೆ ಅದು ಏನಾಗಿತ್ತು, ಯಾರ ಕೈಯಿಂದ ಬಂತು, ಯಾವ ವರ್ಷ ಬಂತು ಎಂದು ಒಂದು ಸಾಲು ಬರೆದಿಡಿ. ಬರೆದವರ ಹೆಸರು ಯಾರಿಗೂ ನೆನಪಿರಲಾರದು. ಮ್ಯೂನಿಕ್ಕಿನ ಆ ಗುಮಾಸ್ತನ ಹೆಸರೂ ಇಂದು ಯಾರ ನಾಲಗೆಯ ಮೇಲೂ ಇಲ್ಲ, ಆದರೆ ಅವನು ಬರೆದ ಸಾಲು ಐವತ್ತೇಳು ವರ್ಷದ ಮೇಲೆ ಒಂದು ಕಾರನ್ನು ಅದರ ಮನೆಗೆ ಕರೆತಂದಿತು.